ಎಡಗಣ್ಣಿಗೆ ಕೆಂಪು: ತ್ರಿಡಿ ಫೋಟೊ ಬಗ್ಗೆ ನಿಮ್ಮ ಪ್ರಶ್ನೆಗಳು

ಹಿಂದಿನ ಸಂಚಿಕೆಯಲ್ಲಿ ವಿಜಯಪುರದ ಇಬ್ರಾಹಿಂ ರೋಜಾದ ತ್ರಿಡಿ ಫೋಟೊ ಹಾಕಿದ್ದೆವು. ಜೊತೆಗೆ ಕೆಂಪು-ಸಯಾನ್ (ಹಸಿರು-ನೀಲಿ ಬೆರೆತ) ಬಣ್ಣದ ರಟ್ಟಿನ ಕನ್ನಡಕವನ್ನೂ ಇಟ್ಟಿದ್ದೆವು. ಅದನ್ನು ನೋಡಿ ಎಷ್ಟೋ ಓದುಗರು ತಾವೇ ಫೋಟೊ ತೆಗೆದು, ಜೋಡಿಸಿ, ಕಳಿಸತೊಡಗಿದ್ದಾರೆ. ಸ್ಟುಡಿಯೋ ಬಾಗಿಲು ಹಾಕಿದ ಮೇಲೆ ಕನ್ನಡಕ ಹಾಕಿಕೊಂಡು ಒಂದೊಂದನ್ನೂ ನೋಡಿದ್ದೇನೆ. ಫೋಟೊ ತೆಗೆಯುವುದು ನಿಮಗೆ ಚೆನ್ನಾಗಿ ಒಲಿದಿದೆ. ಕೆಡುತ್ತಿರುವುದು ಆಮೇಲೆ, ಸೇವ್ ಮಾಡುವಾಗ ಮತ್ತು ಕಳಿಸುವಾಗ. ಹಾಗಾಗಿ ಈ ಸಲ ಆ ಪ್ರಶ್ನೆಗಳಿಗೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಹೊಸದಾಗಿ ಓದುವವರಿಗೆ ಎರಡು ಮಾತು. ಇಂಥ ಫೋಟೊಗೆ ಆನಾಗ್ಲಿಫ್ ಅಂತಾರೆ. ಎಡಗಣ್ಣಿನ ಜಾಗದಿಂದ ಒಂದು, ಬಲಗಣ್ಣಿನ ಜಾಗದಿಂದ ಒಂದು ಫೋಟೊ ತೆಗೆಯಬೇಕು. ಪರದೆಯ ಮೇಲಿನ ಫೋಟೊದಲ್ಲಿ ಕೆಂಪು, ಹಸಿರು, ನೀಲಿ ಅಂತ ಮೂರು ಪದರ ಇರುತ್ತವೆ, ಒಂದೊಂದಕ್ಕೂ ಚಾನೆಲ್ ಅಂತಾರೆ. ಎಡ ಫೋಟೊದ ಕೆಂಪು ಚಾನೆಲ್, ಬಲ ಫೋಟೊದ ಹಸಿರು ಮತ್ತು ನೀಲಿ ಚಾನೆಲ್ ತೆಗೆದುಕೊಂಡು ಒಂದೇ ಫೋಟೊ ಮಾಡಬೇಕು. ಕನ್ನಡಕದ ಕೆಂಪು ಹಾಳೆ ಎಡಗಣ್ಣಿಗೆ ಕೆಂಪನ್ನಷ್ಟೇ ಬಿಡುತ್ತದೆ. ಸಯಾನ್ ಹಾಳೆ ಬಲಗಣ್ಣಿಗೆ ಉಳಿದೆರಡನ್ನು ಬಿಡುತ್ತದೆ. ಜರ್ಮನಿಯ ವಿಲ್‌ಹೆಲ್ಮ್ ರೋಲ್‌ಮನ್ 1853ರಲ್ಲೇ ಎರಡು ಬಣ್ಣದಿಂದ ಎರಡು ಕಣ್ಣಿನ ಚಿತ್ರ ಬೇರೆ ಮಾಡುವ ಈ ಉಪಾಯವನ್ನು ವಿವರಿಸಿದ್ದ. ಚಂದ್ರನ ಮೇಲೆ ನಿಂತ ವಿಕ್ರಮ್ ಲ್ಯಾಂಡರ್‌ನ ಆನಾಗ್ಲಿಫ್ ಅನ್ನು ಇಸ್ರೋ 2023ರ ಸೆಪ್ಟೆಂಬರ್‌ನಲ್ಲಿ ಹೊರಬಿಟ್ಟಾಗಲೂ ಇದೇ ಕ್ರಮ ಇತ್ತು. ಪ್ರಜ್ಞಾನ್ ರೋವರ್ ತೆಗೆದ ಎಡ ಚಿತ್ರ ಕೆಂಪಿಗೆ, ಬಲ ಚಿತ್ರ ಹಸಿರು-ನೀಲಿಗೆ.

ಅಂದರೆ ಇಲ್ಲಿ ಆಳ ಕೂತಿರುವುದು ಬಣ್ಣದೊಳಗೆ. ಯಾರೇ ಬಣ್ಣ ಮುಟ್ಟಿದರೂ ಆಳವನ್ನೇ ಮುಟ್ಟಿದಂತೆ. ಕೆಳಗಿನ ಎಷ್ಟೋ ತೊಂದರೆಗಳ ಬೇರು ಇದೇ.

ಪ್ರಶ್ನೆ: ನಾನು ಮದುವೆ ಫೋಟೊ ತೆಗೆಯುವವನು ಸರ್. ಮಂಟಪದ ಆನಾಗ್ಲಿಫ್ ಲ್ಯಾಪ್‌ಟಾಪ್‌ನಲ್ಲಿ ಚೊಕ್ಕ ಕಾಣುತ್ತೆ. ವಾಟ್ಸಾಪ್‌ನಲ್ಲಿ ಕಳಿಸಿದರೆ ಮಲ್ಲಿಗೆ ಮಾಲೆಯ ಪಕ್ಕ ಇನ್ನೊಂದು ಮಬ್ಬು ಮಾಲೆ ಕಾಣುತ್ತೆ. ಕನ್ನಡಕದ ತಪ್ಪಾ? (ಜಮಖಂಡಿ)

ಕನ್ನಡಕ ಸರಿ ಇದೆ. ಅದೇ ಕನ್ನಡಕದಲ್ಲಿ ಲ್ಯಾಪ್‌ಟಾಪ್ ಮೇಲೆ ಚೆನ್ನಾಗಿ ಕಂಡಿತಲ್ವಾ? ಕೆಡಿಸಿದ್ದು ಜೆಪೆಗ್, ಅಂದರೆ ಫೋಟೊ ಸೇವ್ ಆಗುವ ಮಾಮೂಲಿ ಫೈಲ್ ರೂಪ.

ಜೆಪೆಗ್ ನಮ್ಮ ಫೋಟೊವನ್ನು ಕೆಂಪು, ಹಸಿರು, ನೀಲಿ ಅಂತ ಇಟ್ಟುಕೊಳ್ಳುವುದಿಲ್ಲ. ಬೆಳಕು ಎಷ್ಟು ಅನ್ನುವುದನ್ನು ಬೇರೆ, ಬಣ್ಣ ಯಾವುದು ಅನ್ನುವುದನ್ನು ಬೇರೆ ಮಾಡಿ ಇಟ್ಟುಕೊಳ್ಳುತ್ತದೆ. ನಮ್ಮ ಕಣ್ಣಿಗೆ ಬೆಳಕಿನ ಸಣ್ಣ ವ್ಯತ್ಯಾಸ ಬೇಗ ತಿಳಿಯುತ್ತದೆ, ಬಣ್ಣದ್ದು ಅಷ್ಟಾಗಿ ತಿಳಿಯುವುದಿಲ್ಲ. ಅದಕ್ಕೇ ಫೈಲ್ ಚಿಕ್ಕದು ಮಾಡಲು ಬಣ್ಣದ ಭಾಗವನ್ನು ಅರ್ಧ ಅಗಲ, ಅರ್ಧ ಎತ್ತರಕ್ಕೆ ಇಳಿಸುತ್ತಾರೆ. ನಾಲ್ಕು ಪಿಕ್ಸೆಲ್‌ಗೆ ಒಂದೇ ಬಣ್ಣ. ಇದಕ್ಕೆ ಕ್ರೋಮಾ ಸಬ್‌ಸ್ಯಾಂಪ್ಲಿಂಗ್ ಅಂತ ಹೆಸರು, ಬರೆಯುವುದು 4:2:0 ಎಂದು. ಸಾದಾ ಫೋಟೊದಲ್ಲಿ ಇದು ಯಾರಿಗೂ ಗೊತ್ತಾಗುವುದಿಲ್ಲ. ಆನಾಗ್ಲಿಫ್‌ನಲ್ಲಿ ಮಾತ್ರ ಎಡಗಣ್ಣಿನ ಅಂಚು ಕೆಂಪಾಗಿಯೂ ಬಲಗಣ್ಣಿನ ಅಂಚು ಸಯಾನ್ ಆಗಿಯೂ ಪಕ್ಕಪಕ್ಕ ಇರುತ್ತವೆ. ಆ ಬಣ್ಣಗಳನ್ನು ಸರಾಸರಿ ಮಾಡಿದ ಕೂಡಲೇ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಸೋರುತ್ತದೆ. ನಿಮ್ಮ ಮಲ್ಲಿಗೆ ಮಾಲೆ ಬಿಳಿ, ಹಿಂದೆ ಕಪ್ಪು ಕೋಟು. ಅಂಥ ಜಾಗದಲ್ಲಿ ಸೋರಿದ್ದು ಎದ್ದು ಕಾಣುತ್ತದೆ.

ಹಾಗಾಗಿ ಸೇವ್ ಮಾಡುವಾಗ 4:4:4 ಆರಿಸಿ, ಅಂದರೆ ಬಣ್ಣಕ್ಕೂ ಪೂರ್ತಿ ಪಿಕ್ಸೆಲ್. ಫೋಟೊ ತಿದ್ದುವ ಸಾಫ್ಟ್‌ವೇರ್ ಗಿಂಪ್‌ನಲ್ಲಿ ಜೆಪೆಗ್ ಎಕ್ಸ್‌ಪೋರ್ಟ್ ಮಾಡುವಾಗ ಅಡ್ವಾನ್ಸ್ಡ್ ಆಪ್ಷನ್ಸ್ ತೆರೆದರೆ ಸಬ್‌ಸ್ಯಾಂಪ್ಲಿಂಗ್ ಎಂಬ ಸಾಲು ಸಿಗುತ್ತದೆ. ಫೋಟೊಶಾಪ್‌ನ ಸೇವ್ ಆ್ಯಸ್‌ನಲ್ಲಿ ಈ ಹೆಸರೇ ಕಾಣುವುದಿಲ್ಲ. ಅಲ್ಲಿ ಕ್ವಾಲಿಟಿ 7ಕ್ಕಿಂತ ಕೆಳಗೆ ಇಳಿದರೆ ಬಣ್ಣ ಅರ್ಧಕ್ಕೆ ಇಳಿಯುತ್ತದೆ. ನಾನು 10ಕ್ಕಿಂತ ಕೆಳಗೆ ಹೋಗುವುದಿಲ್ಲ. ಸ್ಟೀರಿಯೊಫೋಟೊ ಮೇಕರ್‌ನಲ್ಲಿ ಸೇವ್ ಮಾಡುವ ಕಿಟಕಿಯಲ್ಲೇ ಇದಕ್ಕೆ ಒಂದು ಟಿಕ್ ಬಾಕ್ಸ್ ಕೊಟ್ಟಿದ್ದಾರೆ. ಮಸೂಜಿ ಸುಟೊ ಎಂಬ ಜಪಾನಿನವರು ಬರೆದ ಪುಕ್ಕಟೆ ಸಾಫ್ಟ್‌ವೇರ್ ಅದು. ಈ ಹವ್ಯಾಸ ಇರುವವರ ವಿಂಡೋಸ್ ಕಂಪ್ಯೂಟರ್‌ನಲ್ಲಿ ಇರಲೇಬೇಕು.

ಆದರೆ ನೀವು ಎಷ್ಟು ಚೆನ್ನಾಗಿ ಸೇವ್ ಮಾಡಿದರೂ ವಾಟ್ಸಾಪ್‌ನಲ್ಲಿ ಫೋಟೊ ಅಂತ ಕಳಿಸಿದರೆ ಅದು ಮತ್ತೆ ಕುಗ್ಗಿಸುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿ, ಫೈಲ್ ಇದ್ದ ಹಾಗೇ ಹೋಗುತ್ತದೆ. ಜೆಪೆಗ್ ಬದಲು ಪಿಎನ್‌ಜಿ ಫೈಲ್ ಆದರೆ ಇನ್ನೂ ಒಳ್ಳೆಯದು, ಅದರಲ್ಲಿ ಏನೂ ಕಳೆದುಹೋಗುವುದಿಲ್ಲ. ವೆಬ್‌ಪಿ ಎಂಬ ಫೈಲ್ ಬಗ್ಗೆ ಹುಷಾರು. ಅದರ ಸಾಮಾನ್ಯ ರೂಪದಲ್ಲಿ ಬಣ್ಣ ಯಾವಾಗಲೂ ಅರ್ಧವೇ. ಜಿಫ್‌ನಲ್ಲಂತೂ ಒಟ್ಟು 256 ಬಣ್ಣ, ಅದನ್ನು ಮರೆತುಬಿಡಿ.

ಕಳಿಸುವ ಮುಂಚೆ ಹೀಗೆ ಪರೀಕ್ಷೆ ಮಾಡಿ. ಕನ್ನಡಕ ಹಾಕಿಕೊಳ್ಳಿ, ಎಡಗಣ್ಣು ಮುಚ್ಚಿ. ಬಲಗಣ್ಣಿಗೆ ಒಂದೇ ಮಾಲೆ ಕಾಣಬೇಕು. ಈಗ ಬಲಗಣ್ಣು ಮುಚ್ಚಿ ನೋಡಿ. ಎರಡನೇ ಮಾಲೆ ಸುಳಿದರೆ ಫೈಲ್ ಸೋರುತ್ತಿದೆ.

ಪ್ರಶ್ನೆ: ನಮ್ಮದು ಸೀರೆ ವ್ಯಾಪಾರ. ಸೆರಗನ್ನು ಮಡಿಕೆ ಮಾಡಿ ಇಳಿಬಿಟ್ಟು ತ್ರಿಡಿಯಲ್ಲಿ ತೋರಿಸಬೇಕು ಅಂತ ಆಸೆ. ಒಡಲು ಚೆನ್ನಾಗಿ ಬರುತ್ತೆ. ಸೆರಗು ಮಾತ್ರ ಮಿಣಮಿಣ ಅಂದು ಕಣ್ಣು ನೋಯುತ್ತೆ. ಏನು ಮಾಡೋದು? (ಇಳಕಲ್)

ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು. ಇಳಕಲ್ ಸೆರಗಿನಷ್ಟು ಚೆನ್ನಾಗಿ ಈ ತೊಂದರೆಯನ್ನು ತೋರಿಸಿಕೊಡುವ ವಸ್ತು ನನಗೆ ಬೇರೆ ಸಿಕ್ಕಿಲ್ಲ.

ಟೋಪ್ ತೆನಿ ಸೆರಗು ಕೆಂಪು ರೇಷ್ಮೆ, ಅದರ ಮೇಲೆ ತೆನಿ ಎಂಬ ಬಿಳಿ ಚಿತ್ತಾರ. ಕಂಪ್ಯೂಟರ್‌ನಲ್ಲಿ ಆ ಕೆಂಪಿನ ಮೇಲೆ ಕರ್ಸರ್ ಇಟ್ಟು ನೋಡಿ. ಹೆಚ್ಚುಕಡಿಮೆ ಕೆಂಪು 180, ಹಸಿರು 20, ನೀಲಿ 40 ಅಂತ ತೋರಿಸುತ್ತದೆ ಅಂದುಕೊಳ್ಳಿ (0 ಅಂದರೆ ಏನೂ ಬೆಳಕಿಲ್ಲ, 255 ಅಂದರೆ ಪೂರ್ತಿ). ಎಡಗಣ್ಣಿಗೆ ಹೋಗುವುದು 180, ಅಂದರೆ ಬೆಳ್ಳಗಿನ ಬಟ್ಟೆ. ಬಲಗಣ್ಣಿಗೆ ಹೋಗುವುದು 20 ಮತ್ತು 40, ಅಂದರೆ ಹತ್ತಿರ ಹತ್ತಿರ ಕಪ್ಪು ಬಟ್ಟೆ. ಬಿಳಿ ತೆನಿ ಎರಡು ಕಣ್ಣಿಗೂ 255. ಎಡಗಣ್ಣಿಗೆ ಬೆಳ್ಳನೆಯ ಬಟ್ಟೆ ಮೇಲೆ ಬಿಳಿ ತೆನಿ ಕರಗಿಹೋಗುತ್ತದೆ. ಬಲಗಣ್ಣಿಗೆ ಕಪ್ಪಿನ ಮೇಲೆ ಅದೇ ತೆನಿ ಚುಚ್ಚುವ ಹಾಗೆ ಎದ್ದು ನಿಲ್ಲುತ್ತದೆ. ಒಂದೇ ಜಾಗದಲ್ಲಿ ಎರಡು ಕಣ್ಣೂ ಬೇರೆ ಬೇರೆ ಹೇಳಿದರೆ ಮಿದುಳು ಒಮ್ಮೆ ಇದನ್ನು, ಒಮ್ಮೆ ಅದನ್ನು ಹಿಡಿಯುತ್ತದೆ. ನಿಮಗೆ ಮಿಣಮಿಣ ಅನ್ನಿಸುವುದು ಅದೇ.

ಇದಕ್ಕೆ ಪರಿಹಾರ ಹಾಫ್ ಕಲರ್ ಆನಾಗ್ಲಿಫ್. ಎಡ ಫೋಟೊವನ್ನು ಮೊದಲು ಕಪ್ಪು-ಬಿಳುಪು ಮಾಡಿ, ಅದನ್ನು ಕೆಂಪು ಚಾನೆಲ್‌ಗೆ ಹಾಕುವುದು. ಬಲ ಫೋಟೊ ಹಾಗೇ ಇರಲಿ. ಕಪ್ಪು-ಬಿಳುಪು ಮಾಡುವಾಗ ಕೆಂಪಿನ ಶೇ 30, ಹಸಿರಿನ ಶೇ 59, ನೀಲಿಯ ಶೇ 11 ಲೆಕ್ಕಕ್ಕೆ ಬರುತ್ತದೆ. ಹಾಗೆ ನೋಡಿದರೆ ನಿಮ್ಮ ಸೆರಗು ಎಡಗಣ್ಣಿಗೆ 180ರ ಬದಲು 70ರ ಆಸುಪಾಸಿಗೆ ಇಳಿಯುತ್ತದೆ. ಬಲಗಣ್ಣಿನ 20-40ಕ್ಕೆ ಅದು ಎಷ್ಟೋ ಹತ್ತಿರ. ತೆನಿ ಎರಡು ಕಣ್ಣಿಗೂ ಕಾಣುತ್ತದೆ, ಮಡಿಕೆಯ ಆಳ ಗಟ್ಟಿಯಾಗಿ ನಿಲ್ಲುತ್ತದೆ.

ಆದರೆ ಬೆಲೆ ತೆರಬೇಕು. ಆ ಕೆಂಪು ಇನ್ನು ಕೆಂಪಾಗಿ ಕಾಣುವುದಿಲ್ಲ, ಕಂದು ಬಣ್ಣಕ್ಕೆ ತಿರುಗುತ್ತದೆ. ಸೀರೆ ಮಾರುವವರಿಗೆ ಇದು ಸಣ್ಣ ಮಾತಲ್ಲ, ನನಗೆ ಗೊತ್ತು. ಹಾಗಾಗಿ ನನ್ನ ಸಲಹೆ ಇಷ್ಟು. ಬಣ್ಣಕ್ಕಾಗಿ ಸಾದಾ ಫೋಟೊ ಒಂದು ಹಾಕಿ. ನೇಯ್ಗೆ, ಮಡಿಕೆ, ಕಸೂತಿಯ ಉಬ್ಬು ಕಾಣಲಿಕ್ಕೆ ಅದರ ಪಕ್ಕ ಆನಾಗ್ಲಿಫ್ ಹಾಕಿ. ಎರಡೂ ಕೆಲಸವನ್ನು ಒಂದೇ ಚಿತ್ರದಿಂದ ಮಾಡಿಸಲು ಹೋಗಬೇಡಿ. ಕಸೂತಿಯನ್ನು ಹತ್ತಿರದಿಂದ ತೆಗೆಯುವುದಾದರೆ ಬಣ್ಣವನ್ನೇ ಬಿಟ್ಟು ಪೂರ್ತಿ ಕಪ್ಪು-ಬಿಳುಪು ಆನಾಗ್ಲಿಫ್ ಮಾಡಿ ನೋಡಿ. ಎಳೆ ಎಳೆಯೂ ಬಟ್ಟೆಯಿಂದ ಮೇಲೆದ್ದು ಕಾಣುತ್ತದೆ. ನನ್ನ ಕಣ್ಣಿಗೆ ಅದೇ ಎಲ್ಲಕ್ಕಿಂತ ಚೆಂದ.

ಸ್ಟೀರಿಯೊಫೋಟೊ ಮೇಕರ್‌ನ ಪಟ್ಟಿಯಲ್ಲಿ ಡುಬ್ವಾ ಅಂತ ಇನ್ನೊಂದು ಬಗೆ ಇದೆ. ಕೆನಡಾದ ಒಟ್ಟಾವ ವಿಶ್ವವಿದ್ಯಾಲಯದ ಎರಿಕ್ ಡುಬ್ವಾ 2001ರಲ್ಲಿ ಪ್ರಕಟಿಸಿದ ಲೆಕ್ಕ ಅದು. ಪರದೆಯ ಬಣ್ಣ ಮತ್ತು ಕನ್ನಡಕದ ಹಾಳೆ ಎರಡನ್ನೂ ಗಣನೆಗೆ ತೆಗೆದುಕೊಂಡು ಮೂರು ಚಾನೆಲ್‌ಗಳನ್ನು ಬೆರೆಸುತ್ತದೆ. ಹಳದಿ, ಹಸಿರು ಒಡಲಿನ ಸೀರೆಗಳಿಗೆ ಮೊದಲು ಇದನ್ನು ಹಾಕಿ ನೋಡಿ.

ಪ್ರಶ್ನೆ: ಗುಹೆಯ ಕಲ್ಲೂ ಕೆಂಪೇ. ನಮಗೂ ಇದೇ ಉಪಾಯವಾ? (ಬಾದಾಮಿ)

ಇದೇ. ಆದರೆ ನಿಮ್ಮ ಮರಳುಗಲ್ಲಿನ ಕೆಂಪಲ್ಲಿ ಹಸಿರು, ನೀಲಿ ಸಾಕಷ್ಟು ಬೆರೆತಿರುತ್ತದೆ. ಸೆರಗಿನಷ್ಟು ಕಾಟ ಕೊಡುವುದಿಲ್ಲ. ಬಣ್ಣದ ಗಾಢತೆಯನ್ನು ಸ್ವಲ್ಪ ಇಳಿಸಿದರೂ ಸಾಕಾಗುತ್ತದೆ. ಮೂರನೇ ಗುಹೆಯ ಜಗುಲಿಯ ಕಂಬ ಸಾಲಿನ ಫೋಟೊ ಕಳಿಸಿದ್ದೀರಿ. 578ರಲ್ಲಿ ಕೊರೆದ ಕೆಲಸ, ಒಂದರ ಹಿಂದೆ ಒಂದು ಕಂಬ. ತ್ರಿಡಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ನಿಮ್ಮ ಚಿತ್ರದಲ್ಲಿ ತೊಂದರೆ ಬೇರೆ ಇದೆ. ಎಡ ಅಂಚಿನಲ್ಲಿ ಅರ್ಧ ಕತ್ತರಿಸಿದ ಕಂಬ ಪರದೆಯಿಂದ ಈಚೆಗೆ ಬಂದು ನಿಂತಿದೆ. ಈಚೆಗೆ ಬಂದದ್ದನ್ನು ಚೌಕಟ್ಟು ಕತ್ತರಿಸಬಾರದು. ಹಿಂದಿರುವ ಚೌಕಟ್ಟು ಮುಂದಿರುವ ಕಂಬವನ್ನು ಮುಚ್ಚುವುದು ಹೇಗೆ ಅಂತ ಕಣ್ಣು ತಡಕಾಡುತ್ತದೆ. ಜೋಡಿಸುವಾಗ ಎಡ-ಬಲ ಫೋಟೊಗಳನ್ನು ಅಡ್ಡಡ್ಡ ಸರಿಸಿ, ಆ ಕಂಬದ ಕೆಂಪು ಮತ್ತು ಸಯಾನ್ ಅಂಚು ಒಂದರ ಮೇಲೊಂದು ಕೂರುವ ಹಾಗೆ ಮಾಡಿ. ಆಗ ಅದು ಪರದೆಯ ಮಟ್ಟಕ್ಕೆ ಬರುತ್ತದೆ, ಉಳಿದದ್ದೆಲ್ಲ ಒಳಗೆ ಹೋಗುತ್ತದೆ. ಆಮೇಲೆ ಎರಡೂ ಬದಿಯ ಹೆಚ್ಚುವರಿಯನ್ನು ಕತ್ತರಿಸಿ.

ಟ್ರೈಪಾಡ್‌ಗೆ ಅನುಮತಿ ಬೇಕು ಅಂತ ಬರೆದಿದ್ದೀರಿ. ಟ್ರೈಪಾಡೇ ಬೇಡ. ಭಾರವನ್ನು ಎಡಗಾಲ ಮೇಲೆ ಹಾಕಿ ಒಂದು, ಬಲಗಾಲಿಗೆ ಬದಲಿಸಿ ಒಂದು. ಮೇಲೆ ಕೆಳಗೆ ಸ್ವಲ್ಪ ಹೆಚ್ಚುಕಮ್ಮಿ ಆದದ್ದನ್ನು ಸ್ಟೀರಿಯೊಫೋಟೊ ಮೇಕರ್‌ನ ಆಟೊ ಅಲೈನ್‌ಮೆಂಟ್ ಸರಿ ಮಾಡುತ್ತದೆ. ಅದನ್ನು ಎರಡು ಫೋಟೊ ಬೇರೆ ಬೇರೆ ಇದ್ದಾಗಲೇ ಮಾಡಬೇಕು.

ಪ್ರಶ್ನೆ: ಗೋಳಗುಮ್ಮಟ ಎಷ್ಟು ತೆಗೆದರೂ ರಟ್ಟಿನ ಮೇಲೆ ಅಂಟಿಸಿದ ಹಾಗೆ ಚಪ್ಪಟೆ. ಮಲಿಕ್-ಎ-ಮೈದಾನ್ ತೋಪು ಮಾತ್ರ ಸೂಪರ್ ಬಂತು. ಯಾಕೆ ಹೀಗೆ? (ವಿಜಯಪುರ)

ಎರಡೂ ನಮ್ಮೂರಿನವೇ, ಹಾಗಾಗಿ ಖುದ್ದಾಗಿ ಹೋಗಿ ನೋಡಿ ಬಂದ ಉತ್ತರ ಇದು.

ಚಿತ್ರದಲ್ಲಿ ಅತಿ ಹತ್ತಿರದ ವಸ್ತು ಎಷ್ಟು ದೂರ ಇದೆಯೋ ಅದರ 30ರಲ್ಲಿ ಒಂದು ಪಾಲಿನಷ್ಟು ಅಂತರ ಎರಡು ಫೋಟೊಗಳ ನಡುವೆ ಇರಬೇಕು. ಇದು ಒರಟು ಲೆಕ್ಕ, ಆದರೆ ಕೈಕೊಡುವುದಿಲ್ಲ. ತೋಪಿನ ಬಾಯಿಯ ಮುಂದೆ 2 ಮೀಟರ್ ದೂರದಲ್ಲಿ ನಿಂತಿದ್ದೀರಿ. 30ರಲ್ಲಿ ಒಂದು ಪಾಲು ಅಂದರೆ ಸುಮಾರು 6.7 ಸೆಂಟಿಮೀಟರ್. ನಮ್ಮ ಎರಡು ಕಣ್ಣುಗಳ ಅಂತರ ಸುಮಾರು 6.5. ಕಾಲಿನ ಭಾರ ಬದಲಿಸಿದ್ದೇ ಸರಿಹೋಯಿತು. 1549ರಲ್ಲಿ ಎರಕ ಹೊಯ್ದ ಆ ಸಿಂಹದ ಬಾಯಿ, ದವಡೆಯಲ್ಲಿ ಸಿಕ್ಕ ಆನೆ, ಎಲ್ಲ ಮುಖಕ್ಕೇ ಬಂದ ಹಾಗೆ ಕಾಣುತ್ತದೆ.

ಗುಮ್ಮಟವನ್ನು ದೂರದಿಂದ, ಮುಂದೆ ಏನೂ ಇಲ್ಲದಂತೆ ತೆಗೆದಿದ್ದೀರಿ. 90 ಮೀಟರ್ ದೂರಕ್ಕೆ 3 ಮೀಟರ್ ಪಕ್ಕಕ್ಕೆ ಹೋಗಬೇಕಾಗುತ್ತದೆ. ಹೋದರೆ ಆಳ ಬರುತ್ತದೆ, ಆದರೆ ಸುಮಾರು 44 ಮೀಟರ್ ಅಡ್ಡಳತೆಯ ಗುಮ್ಮಟ ಮೇಜಿನ ಮೇಲಿಟ್ಟ ಮಾದರಿಯ ಹಾಗೆ ಪುಟ್ಟದಾಗಿ ಕಾಣುತ್ತದೆ. ಕಣ್ಣುಗಳು 3 ಮೀಟರ್ ಅಂತರದಲ್ಲಿದ್ದರೆ ಲೋಕ ಕಾಣುವುದೇ ಹಾಗೆ. ನನಗೆ ಅದು ಹಿಡಿಸುವುದಿಲ್ಲ. ಆ ಕಟ್ಟಡದ ಗಾತ್ರವೇ ಹೋದರೆ ಉಳಿಯುವುದೇನು? ಮುಂದೆ ಗಿಡದ ಕೊಂಬೆಯನ್ನೋ ಕಮಾನನ್ನೋ ಇಟ್ಟುಕೊಳ್ಳಿ. ಅಂತರ ಚಿಕ್ಕದಿರಲಿ. ಗುಮ್ಮಟ ಹಿಂದೆ ದೂರದಲ್ಲಿ, ದೊಡ್ಡದಾಗಿಯೇ ನಿಲ್ಲುತ್ತದೆ. ಬಾರಾ ಕಮಾನ್‌ಗೂ ಒಮ್ಮೆ ಹೋಗಿ ಬನ್ನಿ. ಕಮಾನಿನೊಳಗೆ ಕಮಾನು, ಮೇಲೆ ಆಕಾಶ.

ಪ್ರಶ್ನೆ: ಗೋಕಾಕ ಫಾಲ್ಸ್‌ನ ನೀರು ತ್ರಿಡಿಯಲ್ಲಿ ಕೆಂಪು-ನೀಲಿ ಚುಕ್ಕೆ ಚುಕ್ಕೆ ಆಗುತ್ತೆ. ಬಂಡೆ ಚೆನ್ನಾಗಿದೆ. (ಗೋಕಾಕ)

ಒಂದೇ ಮೊಬೈಲ್‌ನಲ್ಲಿ ಒಂದಾದ ಮೇಲೆ ಒಂದು ತೆಗೆದಿದ್ದೀರಿ. ಆ ನಡುವೆ ನೀರು ಬೇರೆಯದೇ ಆಗಿರುತ್ತದೆ. ಘಟಪ್ರಭೆ ಅಲ್ಲಿ 52 ಮೀಟರ್ ಬೀಳುತ್ತಾಳೆ. 20 ಮೀಟರ್ ಬಿದ್ದ ನೀರಿನ ವೇಗವೇ ಸೆಕೆಂಡಿಗೆ ಸುಮಾರು 20 ಮೀಟರ್. ಇಬ್ಬರು ಎರಡು ಮೊಬೈಲ್ ಹಿಡಿದು ಒಂದು-ಎರಡು-ಮೂರು ಅಂತ ಒತ್ತಿದರೂ, ಸೆಕೆಂಡಿನ ಹತ್ತರಲ್ಲೊಂದು ಭಾಗ ತಪ್ಪಿದರೆ ನೀರು 2 ಮೀಟರ್ ಕೆಳಗೆ ಇರುತ್ತದೆ. ಹಾಗಾಗಿ ಇಲ್ಲಿ ವೇಗ ಬೇಡ, ನಿಧಾನವೇ ಸರಿ. ಶಟರ್ ಅರ್ಧ ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ತೆರೆದಿಡಿ. ಬೆಳಕು ಜಾಸ್ತಿ ಆದರೆ ಎನ್‌ಡಿ ಫಿಲ್ಟರ್ ಹಾಕಿ. ಕ್ಯಾಮೆರಾ ಅಲ್ಲಾಡದ ಹಾಗೆ ಗಟ್ಟಿ ಜಾಗದಲ್ಲಿ ಇಡಿ. ನೀರು ಹಾಲಿನ ಹಾಗೆ ಒಂದೇ ಸಮ ಹರಿದಂತೆ ಬರುತ್ತದೆ, ಎರಡು ಫೋಟೊದಲ್ಲೂ ಹೆಚ್ಚುಕಡಿಮೆ ಒಂದೇ ಥರ. ಉಳಿದ ಚುಕ್ಕೆಗಳಿಗೆ ಕಪ್ಪು-ಬಿಳುಪು ಆನಾಗ್ಲಿಫ್ ಮಾಡಿದರೆ ಕಣ್ಣಿಗೆ ಅಷ್ಟು ರಾಚುವುದಿಲ್ಲ.

ಪ್ರಶ್ನೆ: ಮುಧೋಳ ನಾಯಿ ಒಂದು ಕ್ಷಣವೂ ನಿಲ್ಲುವುದಿಲ್ಲ. ಒಂದೇ ಕ್ಯಾಮೆರಾದಲ್ಲಿ ಆಗುತ್ತಾ? (ಮುಧೋಳ)

ಓಡುವಾಗ ಆಗುವುದಿಲ್ಲ. ಎರಡು ಲೆನ್ಸ್ ಇರುವ ಕ್ಯಾಮೆರಾ ಬೇಕು. ಫ್ಯೂಜಿಫಿಲ್ಮ್ 2009 ಮತ್ತು 2010ರಲ್ಲಿ ತಂದ ರಿಯಲ್ ತ್ರಿಡಿ ಡಬ್ಲ್ಯೂ1, ಡಬ್ಲ್ಯೂ3 ಹಳೆಯ ಕ್ಯಾಮೆರಾ ಅಂಗಡಿಯಲ್ಲಿ ಸಿಕ್ಕರೆ ಬಿಡಬೇಡಿ. ಅವು ಎಡ-ಬಲ ಎರಡನ್ನೂ ಒಂದೇ ಎಂಪಿಒ ಫೈಲ್‌ನಲ್ಲಿ ಇಡುತ್ತವೆ, ಸ್ಟೀರಿಯೊಫೋಟೊ ಮೇಕರ್ ಅದನ್ನು ನೇರವಾಗಿ ತೆರೆಯುತ್ತದೆ. ಸಿಗದಿದ್ದರೆ ನಾಯಿ ಮಲಗಿದಾಗ ತೆಗೆಯಿರಿ.

ಪ್ರಶ್ನೆ: ನಾನು ಹೈಸ್ಕೂಲ್ ಶಿಕ್ಷಕಿ. ಮೊಬೈಲ್‌ನಲ್ಲಿ ಚೆನ್ನಾಗಿದ್ದ ಕಮಲ ಬಸದಿಯ ಚಿತ್ರವನ್ನು ಪ್ರೊಜೆಕ್ಟರ್‌ನಲ್ಲಿ ಹಾಕಿದರೆ ಮಕ್ಕಳು ಕಣ್ಣು ನೋಯುತ್ತೆ ಅಂತಾರೆ. (ಬೆಳಗಾವಿ)

ಮಕ್ಕಳು ಹೇಳುವುದು ನಿಜ ಮೇಡಂ, ಒತ್ತಾಯ ಮಾಡಿ ತೋರಿಸಬೇಡಿ.

ನಿಮ್ಮ ಚಿತ್ರದ ಅತಿ ದೂರದ ಗೋಡೆಯಲ್ಲಿ ಕೆಂಪು ಅಂಚಿಗೂ ಸಯಾನ್ ಅಂಚಿಗೂ ನಡುವೆ ಚಿತ್ರದ ಅಗಲದ ಶೇ 3ರಷ್ಟು ಅಂತರ ಇದೆ, ಅಳೆದು ನೋಡಿದೆ. ಅಡ್ಡ ಹಿಡಿದ ಮೊಬೈಲ್‌ನ ಪರದೆ 15 ಸೆಂಟಿಮೀಟರ್. ಅದರ ಶೇ 3 ಅಂದರೆ ನಾಲ್ಕೂವರೆ ಮಿಲಿಮೀಟರ್. ಏನೂ ತೊಂದರೆ ಇಲ್ಲ. ನಿಮ್ಮ ಹಾಲ್‌ನ ಪರದೆ 3 ಮೀಟರ್ ಅಂತ ಬರೆದಿದ್ದೀರಿ. ಅದರ ಶೇ 3 ಅಂದರೆ 9 ಸೆಂಟಿಮೀಟರ್. ಕಣ್ಣುಗಳ ಅಂತರಕ್ಕಿಂತ ಜಾಸ್ತಿ. ಎಡಗಣ್ಣು ಎಡಕ್ಕೆ, ಬಲಗಣ್ಣು ಬಲಕ್ಕೆ ತಿರುಗಿದರೆ ಮಾತ್ರ ಅದು ಕೂಡುತ್ತದೆ. ಕಣ್ಣುಗಳು ಹಾಗೆ ಹೊರಕ್ಕೆ ತಿರುಗುವುದಿಲ್ಲ. ಮಕ್ಕಳ ಕಣ್ಣುಗಳ ಅಂತರ ದೊಡ್ಡವರಿಗಿಂತ ಇನ್ನೂ ಕಡಿಮೆ.

ದೊಡ್ಡ ಪರದೆಗೆ ಬೇರೆಯದೇ ಆನಾಗ್ಲಿಫ್ ಮಾಡಿ. ಅತಿ ದೂರದ ಅಂಚುಗಳ ಅಂತರ ಪರದೆಯ ಮೇಲೆ 5 ಸೆಂಟಿಮೀಟರ್ ದಾಟದ ಹಾಗೆ ಎರಡು ಫೋಟೊಗಳನ್ನು ಸರಿಸಿ. ಆಗ ಹತ್ತಿರದ ಕಂಬ ಪರದೆಯಿಂದ ಸ್ವಲ್ಪ ಈಚೆ ಬರಬಹುದು. ಅದು ಅಂಚಿನಲ್ಲಿ ಇಲ್ಲದಿದ್ದರೆ ಚಿಂತೆ ಇಲ್ಲ, ಮಕ್ಕಳಿಗೆ ಅದೇ ಇಷ್ಟ. ಪ್ರೊಜೆಕ್ಟರ್‌ಗೆ ಬೇರೆ ಪರದೆ ಏನೂ ಬೇಡ, ಬಿಳಿ ಗೋಡೆ ಸಾಕು. ಈ ಪದ್ಧತಿಯ ದೊಡ್ಡ ಅನುಕೂಲ ಇದು.

ನಾಲ್ಕೈದು ಮಕ್ಕಳಿಗೆ ಆಳವೇ ಕಾಣುವುದಿಲ್ಲ ಅಂತಲೂ ಬರೆದಿದ್ದೀರಿ. ಮೊದಲು ಕನ್ನಡಕ ಉಲ್ಟಾ ಹಾಕಿಲ್ಲ ಅಂತ ನೋಡಿ, ಕೆಂಪು ಎಡಕ್ಕೇ ಇರಬೇಕು. ಒಂದು ಕಣ್ಣಿನ ದೃಷ್ಟಿ ಕಡಿಮೆ ಇದ್ದರೂ ಹೀಗಾಗುತ್ತದೆ. ಸರಿಯಾಗಿ ಹಾಕಿದ ಮೇಲೂ ಕಾಣದಿದ್ದರೆ ಅವರ ಪಾಲಕರಿಗೆ ಹೇಳಿ ಕಣ್ಣಿನ ಡಾಕ್ಟರ ಹತ್ತಿರ ತೋರಿಸಲಿ. ಚಿಕ್ಕ ವಯಸ್ಸಿನಲ್ಲೇ ಗೊತ್ತಾದರೆ ಒಳ್ಳೆಯದು.

ಪ್ರಶ್ನೆ: ರಾತ್ರಿ ನೋಡಿದರೆ ಅದೇ ಚಿತ್ರ ಕೆಟ್ಟದಾಗಿ ಕಾಣುತ್ತೆ. ಬೆಳಿಗ್ಗೆ ಸರಿ ಇರುತ್ತೆ. (ಅಥಣಿ)

ಮೊಬೈಲ್‌ನ ನೈಟ್ ಮೋಡ್ ಅಥವಾ ಐ ಕಂಫರ್ಟ್ ಆನ್ ಆಗಿರುತ್ತದೆ. ಅದು ನೀಲಿಯನ್ನು ಕಡಿಮೆ ಮಾಡಿ ಪರದೆಯನ್ನು ಹಳದಿಗೆ ತಿರುಗಿಸುತ್ತದೆ, ಬಲಗಣ್ಣಿನ ಚಿತ್ರ ಮಂಕಾಗುತ್ತದೆ. ನೋಡುವಾಗ ಆಫ್ ಮಾಡಿ. ಬಣ್ಣ ಎದ್ದು ಕಾಣಿಸುವ ವಿವಿಡ್ ಮೋಡ್ ಬದಲು ನ್ಯಾಚುರಲ್ ಇಡಿ. ಹಾಗೇ ಸೇವ್ ಮಾಡುವವರೂ ಬಣ್ಣದ ಪ್ರೊಫೈಲ್ (ಯಾವ ಅಂಕಿ ಅಂದರೆ ಯಾವ ಬಣ್ಣ ಅನ್ನುವ ಲೆಕ್ಕ) ಎಸ್‌ಆರ್‌ಜಿಬಿ ಇದೆಯಾ ಅಂತ ನೋಡಿಕೊಳ್ಳಬೇಕು. ಐಫೋನ್‌ನ ಫೋಟೊ ಡಿಸ್‌ಪ್ಲೇ ಪಿ3 ಎಂಬ ಬೇರೆ ಪ್ರೊಫೈಲ್‌ನಲ್ಲಿ ಬರುತ್ತದೆ. ಎಡ-ಬಲ ಎರಡನ್ನೂ ಮೊದಲು ಎಸ್‌ಆರ್‌ಜಿಬಿಗೆ ಬದಲಿಸಿ, ಆಮೇಲೆ ಜೋಡಿಸಿ.

ಪ್ರಶ್ನೆ: ಆನಾಗ್ಲಿಫ್ ಮಾಡಿದ ಮೇಲೆ ಎಡ-ಬಲ ಫೋಟೊ ಅಳಿಸಬಹುದಾ? ಮೊಬೈಲ್‌ನಲ್ಲಿ ಜಾಗ ಇಲ್ಲ. (ಬಾಗಲಕೋಟೆ)

ದಯವಿಟ್ಟು ಅಳಿಸಬೇಡಿ. ಆನಾಗ್ಲಿಫ್‌ನಲ್ಲಿ ಎಡ ಫೋಟೊದ ಹಸಿರು-ನೀಲಿ ಇಲ್ಲ, ಬಲ ಫೋಟೊದ ಕೆಂಪು ಇಲ್ಲ. ಹೋದದ್ದು ವಾಪಸ್ ಬರುವುದಿಲ್ಲ. ನಾಳೆ ಅದೇ ಚಿತ್ರವನ್ನು ಪ್ರೊಜೆಕ್ಟರ್‌ಗೆ ಬೇರೆ ಅಂತರದಲ್ಲಿ ಮಾಡಬೇಕೆಂದರೆ, ಕಪ್ಪು-ಬಿಳುಪಿಗೆ ಬದಲಿಸಬೇಕೆಂದರೆ, ವಿಆರ್ ಕನ್ನಡಕದಲ್ಲಿ ಪೂರ್ತಿ ಬಣ್ಣದಲ್ಲಿ ನೋಡಬೇಕೆಂದರೆ ಆ ಎರಡು ಫೋಟೊಗಳೇ ಬೇಕು.

ನಾನು ಮಾಡುವುದು ಹೀಗೆ. ಅಲೈನ್ ಮಾಡಿದ ಜೋಡಿಯನ್ನು ಪಕ್ಕಪಕ್ಕ ಇಟ್ಟು ಒಂದೇ ದೊಡ್ಡ ಫೈಲ್ ಆಗಿ ಸೇವ್ ಮಾಡುತ್ತೇನೆ. ಆಳ ಬಣ್ಣದೊಳಗೆ ಇಲ್ಲದ ಕಾರಣ ಅದಕ್ಕೆ ಸಾದಾ ಜೆಪೆಗ್ ಸಾಕು, ಕುಗ್ಗಿಸಿದರೂ ಸೋರುವುದಿಲ್ಲ. ಹೆಸರಿನಲ್ಲೇ ಊರು, ವರ್ಷ, ಎಡ ಫೋಟೊ ಯಾವ ಬದಿಗಿದೆ ಅನ್ನುವುದನ್ನು ಬರೆಯುತ್ತೇನೆ. ಯಾಕೆಂದರೆ ಜೆಪಿಎಸ್ ಎಂಬ ಫೈಲ್‌ಗಳಲ್ಲಿ ಬಲ ಫೋಟೊವನ್ನು ಎಡಬದಿಗೆ ಇಡುವ ರೂಢಿ ಇದೆ, ವರ್ಷ ಕಳೆದ ಮೇಲೆ ಗೊಂದಲ ಆಗುತ್ತದೆ. ಕಳಿಸುವುದಕ್ಕೆ ಅದರಿಂದ ಉದ್ದ ಬದಿ 2000 ಪಿಕ್ಸೆಲ್‌ನ ಆನಾಗ್ಲಿಫ್ ತೆಗೆದುಕೊಳ್ಳುತ್ತೇನೆ. ಜಾಗ ಬೇಕಾದರೆ ಆನಾಗ್ಲಿಫ್ ಅನ್ನೇ ಅಳಿಸಿ. ಜೋಡಿ ಇದ್ದರೆ ಅದನ್ನು ಎರಡು ನಿಮಿಷದಲ್ಲಿ ಮತ್ತೆ ಮಾಡಿಕೊಳ್ಳಬಹುದು.